ಕಾಗದದ ಮೇಲಿನ ದಾರಿಯನ್ನು ನಡೆದು ನೋಡುವ ಸಿಸ್ಟರ್

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಬಿಳಿ ಕ್ಯಾನ್ವಾಸ್ ಶೂ ತೊಟ್ಟ ಐವತ್ತೊಂಬತ್ತರ ಹೆಂಗಸೊಬ್ಬರು ಕೈಯಲ್ಲೊಂದು ಕಾಗದ ಹಿಡಿದು, ಒಮ್ಮೆ ಅದನ್ನು, ಒಮ್ಮೆ ರಸ್ತೆಯನ್ನು ನೋಡುತ್ತ ಸರಸರ ನಡೆಯುತ್ತಿದ್ದಾರೆ. ಹಿಂದೆ ಏದುಸಿರು ಬಿಡುತ್ತ ನಾನು. ಕಾಗದದಲ್ಲಿ ಪೆನ್ಸಿಲ್ಲಿನಿಂದ ಗೀಚಿದ ದಾರಿಯಿದೆ: ಒಂದು ಮನೆ, ಹಾಲಿನ ಬೂತು, ಪೆಟ್ರೋಲ್ ಬಂಕು, ಆಮೇಲೆ ನೇರ ರಸ್ತೆ, ಕೊನೆಗೆ ಹೊಲಿಗೆ ಯಂತ್ರ ರಿಪೇರಿ ಅಂಗಡಿ. ಎರಡನೇ ಕ್ಲಾಸಿನ ಮಗು ಬಿಡಿಸಿದ ಚಿತ್ರದ ಹಾಗಿದೆ. ಬಿಡಿಸಿದವನು ಮಾತ್ರ, ಒಂದು ಮಗುವಿನ ಮೈಮುಟ್ಟಿ ಒಂಬತ್ತು ವರ್ಷ ಜೈಲಿನಲ್ಲಿದ್ದು ಬಂದವನು.

ಇವರು ನರ್ಸ್. ಸರಕಾರಿ ಆಸ್ಪತ್ರೆಯ ಹಿಂಬದಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದ ಬಾಗಿಲು ಇವರದು. ಲೈಂಗಿಕ ಅಪರಾಧ ಮಾಡಿ ಶಿಕ್ಷೆ ಮುಗಿಸಿದವರು ವಾರಕ್ಕೊಮ್ಮೆ ಇಲ್ಲಿಗೆ ಬರಬೇಕೆಂಬುದು ಕೋರ್ಟಿನ ಷರತ್ತು. ಅವರಲ್ಲಿ ಕೆಲವರಿಗೆ ತಿಂಗಳಿಗೊಂದು ಇಂಜೆಕ್ಷನ್. ಗಂಡಸಿನ ಹಾರ್ಮೋನನ್ನು ತಳಕ್ಕಿಳಿಸುವ ಔಷಧಿ ಅದು. ‘ರಾಸಾಯನಿಕ ಪುರುಷತ್ವಹರಣ’ ಎಂದು ನಾವು ಪತ್ರಿಕೆಯವರು ದಪ್ಪಕ್ಷರದಲ್ಲಿ ಹಾಕುವುದು ಇದನ್ನೇ. ಆಸ್ಪತ್ರೆಯಲ್ಲಿ ಎಲ್ಲರೂ ಇವರನ್ನು ‘ನಡೆಯೋ ಸಿಸ್ಟರ್’ ಎನ್ನುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ. ನನಗೆ ಹನ್ನೊಂದು ವರ್ಷದ ಮಗಳಿದ್ದಾಳೆ. ಇಂಥ ಸುದ್ದಿ ಬಂದಾಗಲೆಲ್ಲ ‘ಕತ್ತರಿಸಿ ಬಿಸಾಕಬೇಕು’ ಎಂದು ಹಲ್ಲು ಕಡಿಯುವವರಲ್ಲಿ ನಾನೂ ಒಬ್ಬ. ಹೋದದ್ದೂ ಆ ಸಿಟ್ಟಿನಲ್ಲೇ. ಇಂಜೆಕ್ಷನ್ ಕೆಲಸ ಮಾಡುತ್ತದೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿ ಎಂದು ಪಟ್ಟು ಹಿಡಿದೆ.

“ಒಂದೇ ಮಾತಲ್ಲಿ ಹೇಳೋ ಹಾಗಿದ್ರೆ ನನಗ್ಯಾಕೆ ಸಂಬಳ ಕೊಡ್ತಿದ್ರು?” ಎಂದು ನಕ್ಕರು. ಆಮೇಲೆ ಗಂಭೀರವಾದರು. “ಕೆಲವರಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ತಲೇಲಿ ಹಗಲೂ ರಾತ್ರಿ ಕೊರೀತಿದ್ದದ್ದು ನಿಂತ್ಹೋಯ್ತು ಸಿಸ್ಟರ್ ಅಂತ ನನ್ನೆದುರು ಅತ್ತೋರಿದಾರೆ. ಅವರು ತಾವಾಗೇ ಕೇಳಿ ಹಾಕಿಸ್ಕೊಂಡೋರು. ಇನ್ನು ಕೆಲವರು ಆಸೆಗೆ ಮಾಡಿರಲ್ಲ. ಸಿಟ್ಟಿಗೆ ಮಾಡಿರ್ತಾರೆ, ನನ್ನ ಕೈಗೆ ಸಿಕ್ಕಿದೆಯಲ್ಲ ಅನ್ನೋ ದೌಲತ್ತಿಗೆ ಮಾಡಿರ್ತಾರೆ. ದೌಲತ್ತು ಇಳಿಸೋ ಔಷಧಿ ನನ್ನ ಫ್ರಿಜ್ಜಲ್ಲಿಲ್ಲ.”

ವಾರಕ್ಕೆ ನಲವತ್ತೊಂದು ಮಂದಿ ಬರುತ್ತಾರೆ. ಹದಿನೆಂಟು ಮಂದಿಗೆ ಇಂಜೆಕ್ಷನ್. ಅದರಿಂದ ಮೂಳೆ ಸವೆಯುತ್ತದೆಂದು ಅವರನ್ನು ಬೈದು ಬಿಸಿಲಿಗೆ ನಿಲ್ಲಿಸುವವರೂ ಇವರೇ. ಆದರೆ ಯಾರೇ ಬರಲಿ, ಮೊದಲು ಕೈಗೆ ಸಿಗುವುದು ಕಾಗದ, ಪೆನ್ಸಿಲ್. ‘ಈ ವಾರ ಮನೆಯಿಂದ ಕೆಲಸಕ್ಕೆ ಹೇಗೆ ಹೋದೆ, ಬರೆದು ತೋರಿಸು.’ ಮರುದಿನ ಬೆಳಿಗ್ಗೆ, ಡ್ಯೂಟಿಗೆ ಮುಂಚೆ, ಅವುಗಳಲ್ಲಿ ಎರಡು ದಾರಿಗಳನ್ನು ತಾವೇ ನಡೆದು ನೋಡುತ್ತಾರೆ. ಇದು ಯಾವ ಆದೇಶದಲ್ಲೂ ಇಲ್ಲ. ವರ್ಷಕ್ಕೆ ನಾಲ್ಕು ಜೊತೆ ಶೂ ಸವೆಯುತ್ತವೆ. “ನಮ್ಮನೆಯವಳು ನಡೆದಷ್ಟು ನನ್ನ ಬಸ್ಸೂ ಓಡಿಲ್ಲ” ಎನ್ನುತ್ತಾರೆ ಗಂಡ, ಸಿಟಿ ಬಸ್ಸಿನ ಡ್ರೈವರ್. ಅತ್ತೆಯಂತೂ ಸೊಸೆಯ ಕೆಲಸ ಕೇಳಿದವರಿಗೆ “ಇಂಜೆಕ್ಷನ್ ಹಾಕ್ತಾಳೆ” ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ.

ಈ ನಡಿಗೆ ಶುರುವಾದದ್ದು ಹನ್ನೊಂದು ವರ್ಷದ ಹಿಂದೆ. ಆಗ ಒಬ್ಬನ ರಕ್ತದ ರಿಪೋರ್ಟು ಬಲು ಚೆನ್ನಾಗಿತ್ತು. “ನೋಡಿ ಶಭಾಷ್ ಅಂದಿದ್ದೆ. ಅವನು ಬರೆದ ದಾರಿ ಪಕ್ಕದಲ್ಲೇ ಒಂದು ಆಟದ ಮೈದಾನ ಇತ್ತು. ಕಾಗದದಲ್ಲಿ ಬರೀ ಗೀಟು. ಒಂದ್ಸಲ ನಡೆದಿದ್ರೆ ನಂಗೆ ಕಾಣ್ತಿತ್ತು.” “ಅಲ್ಲಿ ಅವನ ಕೈಗೆ ಸಿಕ್ಕ ಹುಡುಗಿಗೆ ಈಗ ಹತ್ತೊಂಬತ್ತು” ಎಂದರು.

ಇವತ್ತಿನ ಕಾಗದ ಬರೆದವನು ಹೊಲಿಗೆ ಯಂತ್ರ ರಿಪೇರಿಯವನು. ಮೂರು ವರ್ಷದಿಂದ ಒಂದು ಇಂಜೆಕ್ಷನ್ನೂ ತಪ್ಪಿಸಿಲ್ಲ, ರಿಪೋರ್ಟಿನಲ್ಲಿ ಹಾರ್ಮೋನು ಇಲ್ಲವೆನ್ನುವಷ್ಟು ಕಡಿಮೆ. ವಾರದ ಭೇಟಿಯಿಂದ ಬಿಡುಗಡೆ ಮಾಡಿ, ಇಂಜೆಕ್ಷನ್ನಷ್ಟೇ ಸಾಕು ಎಂದು ಕೋರ್ಟಿಗೆ ಅರ್ಜಿ ಹಾಕಿದ್ದಾನೆ. ಮೇಲಿನ ಅಧಿಕಾರಿ ಒಪ್ಪಿಯೂ ಆಗಿದೆ. ಸಿಸ್ಟರ್ ಸಹಿಯೊಂದು ಬಾಕಿ, ಹನ್ನೊಂದು ಗಂಟೆಯೊಳಗೆ ಬೇಕು. ಸಹಿ ಬಿದ್ದರೆ ಇನ್ನು ಅವನ ದಾರಿ ನೋಡುವವರು ಯಾರೂ ಇಲ್ಲ. ನಿನ್ನೆ ಕಾಗದ ಕೊಡುವಾಗ “ಅದೇ ದಾರಿ ಸಿಸ್ಟರ್, ಏನೂ ಬದಲಾಗಿಲ್ಲ” ಎಂದಿದ್ದನಂತೆ.

ಪೆಟ್ರೋಲ್ ಬಂಕ್ ದಾಟಿದ್ದೇ ಸಿಸ್ಟರ್ ಗಕ್ಕನೆ ನಿಂತರು. ಕಾಗದದಲ್ಲಿದ್ದ ನೇರ ರಸ್ತೆ ಎದುರಿಗಿಲ್ಲ. ಚರಂಡಿ ಪೈಪಿಗೆಂದು ಉದ್ದಕ್ಕೂ ಅಗೆದು ತಗಡು ನಿಲ್ಲಿಸಿದ್ದಾರೆ. “ಆರು ದಿನ ಆಯ್ತು ಮೇಡಂ, ಕೋಳಿ ಕೂಡ ದಾಟಲ್ಲ” ಎಂದ ಬಂಕಿನವನು. ಬಲಗಡೆಯ ಓಣಿಯಲ್ಲಿ ಹೋಗಬಹುದು. ಎಡಗಡೆ ಗೋಡೌನ್ ಹಿಂದೆಯೂ ದಾರಿಯಿದೆ, ಎರಡನೇ ದಿನವೇ ಹಲಗೆ ಹಾಕಿ ಜನರನ್ನು ಬಿಟ್ಟರಂತೆ, ಆದರೆ ಹತ್ತು ನಿಮಿಷ ಸುತ್ತು.

ನಾವು ಬಲಕ್ಕೆ ತಿರುಗಿದೆವು. ಐವತ್ತು ಹೆಜ್ಜೆಗೆ ಒಂದು ಪ್ರಾಥಮಿಕ ಶಾಲೆ. ಸೊಂಟದೆತ್ತರದ ಕಾಂಪೌಂಡು, ಗೇಟಿನಾಚೆ ಕೆಂಪು ಜಾರುಬಂಡಿ. ಸಿಸ್ಟರ್ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು.

ಒಂಬತ್ತೂವರೆಗೆ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಸಹಿಗೆಂದು ಕೈಯಲ್ಲಿ ಫೈಲು. ಪತ್ರಿಕೆಯವನಾದ ನಾನೂ ಅಲ್ಲೇ ಕೂತಿರಬಹುದೇ ಎಂದು ಸಿಸ್ಟರ್ ಅವನನ್ನು ಕೇಳಿದ್ದಕ್ಕೆ ಹೂಂ ಎಂದು ತಲೆಯಾಡಿಸಿದ.

“ಏನಪ್ಪಾ, ಬಂಕ್ ಆದ್ಮೇಲೆ ನೇರ ಹೋದ್ಯಾ?”

“ಹೂಂ ಸಿಸ್ಟರ್.”

“ಅಷ್ಟು ದೊಡ್ಡ ಗುಂಡಿ ಹಾರ್ಕೊಂಡು?”

ಅವನು ಫೈಲನ್ನು ಎದೆಗೆಳೆದುಕೊಂಡ. “ಶಾಲೆ ಮುಂದೆ ಹೋಗ್ಬೇಕಾಗಿತ್ತು. ಬರೆದ್ರೆ ನೀವು ತಪ್ಪು ತಿಳ್ಕೋತೀರಾ ಅಂತ...”

ನಾನಾಗಿದ್ದರೆ ಕೊರಳಪಟ್ಟಿಗೆ ಕೈ ಹಾಕುತ್ತಿದ್ದೆ. ಸಿಸ್ಟರ್ ಚೀಲದಿಂದ ಕಾಗದ ತೆಗೆದು ಅವನ ಮುಂದೆ ಬಿಡಿಸಿಟ್ಟರು. ಮೇಲೆ ಫ್ಯಾನು ಕಿರ್ರೆನ್ನುತ್ತಿತ್ತು. ಅವರು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಮೊದಲ್ನೇ ದಿನ ಬೇರೆ ದಾರಿ ಇರ್ಲಿಲ್ಲ” ಎಂದ ಅವನು. ಆಮೇಲೆ ಬಹಳ ಮೆಲ್ಲಗೆ, “ಆಮೇಲೆ ಇತ್ತು.”

“ಎಷ್ಟು ದಿನ ಹೋದೆ?”

“ಆರೂ ದಿನ.”

“ಎಷ್ಟೊತ್ತಿಗೆ?”

“ಬೆಲ್ ಹೊಡೆಯೋ ಹೊತ್ತಿಗೆ.” “ನಿಂತ್ಕೊಂಡಿಲ್ಲ ಸಿಸ್ಟರ್, ಬರೀ ನಡೆದೆ. ಇಂಜೆಕ್ಷನ್ನೂ ತಪ್ಪಿಸಿಲ್ಲ.”

“ಇಂಜೆಕ್ಷನ್ ನಿನ್ನ ಕಾಲಿಗೆ ಹಾಕಿಲ್ಲಪ್ಪ.”

ಅವನೆದುರಿಗೇ ಅಧಿಕಾರಿಗೆ ಫೋನು ಹೋಯಿತು, ಆರು ದಿನದ ಲೆಕ್ಕವೂ ತಲುಪಿತು. ಸಹಿ ಬೀಳಲಿಲ್ಲ. ವಾರಕ್ಕೊಂದಿದ್ದ ಭೇಟಿ ಇನ್ನು ದಿನಾ. ಅವನಿಗೆ ಸಿಸ್ಟರ್ ಹೊಸ ಕಾಗದ ಕೊಟ್ಟು, “ಗೋಡೌನ್ ದಾರಿ ಬರಿ. ನಾಳೆಯಿಂದ ನಾನೂ ಜೊತೆಗೆ ಬರ್ತೀನಿ” ಎಂದರು. ಅವನು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಪೆನ್ಸಿಲ್ ತೆಗೆದುಕೊಂಡ.

ರಿಪೋರ್ಟು ನೋಡಿದ್ದ ಡಾಕ್ಟರು, ಅಧಿಕಾರಿ, ಕತ್ತರಿಸಿ ಬಿಸಾಕಿ ಎನ್ನುವ ನನ್ನಂಥ ಸಾವಿರ ಜನ, ಯಾರಿಗೂ ಕಾಣದ ಗುಂಡಿಯೊಂದು ಈ ಹೆಂಗಸಿನ ಕಾಲಿಗೆ ಸಿಕ್ಕಿತ್ತು. ನಾನು ಬೆರಗಾಗಿ ಕೂತಿದ್ದೆ.

“ಅಸಹ್ಯ ಆಗಲ್ವಾ ನಿಮಗೆ?” ಎಂದು ಅವನು ಹೋದ ಮೇಲೆ ಕೇಳಿದೆ.

“ಆಗ್ದೇ ಇರುತ್ತಾ? ಮನೆಗೆ ಹೋಗಿ ಸ್ನಾನ ಮಾಡ್ದೆ ಮೊಮ್ಮಗಳನ್ನ ಮುಟ್ಟಲ್ಲ. ಆದ್ರೆ ಅಸಹ್ಯ ಪಟ್ಕೊಂಡು ಮನೇಲಿ ಕೂತ್ರೆ, ಬೆಳಿಗ್ಗೆ ಎದ್ದು ದಾರಿ ಯಾರು ನೋಡ್ತಾರೆ?”

ಹತ್ತು ತಿಂಗಳಲ್ಲಿ ನಿವೃತ್ತಿ. ಆ ಕುರ್ಚಿಗೆ ಬರುವವರು ನಡೆಯುವವರಾಗಿರಲಿ, ಅಷ್ಟೇ ಆಸೆ ಎನ್ನುತ್ತಾರೆ. ಫೋಟೋ ಬೇಡವೇ ಬೇಡ ಎಂದರು. ಆ ಶಾಲೆಯ ಮಕ್ಕಳಾದರೂ ಒಂದು ದಿನ ನಿಮಗೆ ಥ್ಯಾಂಕ್ಸ್ ಹೇಳಬೇಡವೇ ಎಂದು ನಾನು ಬಿಡದೆ ಕೇಳಿದೆ.

ಸಿಸ್ಟರ್ ಬಗ್ಗಿ ಶೂ ಲೇಸು ಬಿಗಿಮಾಡಿಕೊಳ್ಳುತ್ತಿದ್ದರು. “ಆ ಮಕ್ಕಳಿಗೆ ನಾನ್ಯಾರು ಅಂತ ಗೊತ್ತಾಗೋದೇ ಬೇಡ” ಎಂದರು. “ಗೊತ್ತಾಯ್ತು ಅಂದ್ರೆ, ನಾನು ಯಾವುದೋ ಒಂದು ದಿನ ನಡೆದಿಲ್ಲ ಅಂತ ಅರ್ಥ.”