ತೆರಿಗೆಯಿಲ್ಲದ ಊರಿನಿಂದ ಬಂದ ಸಲಹೆ

ಶುಕ್ರವಾರ ಬೆಳಿಗ್ಗೆ ನಮ್ಮ ದಾರ್ಸೈಟ್ ಬಡಾವಣೆಯಿಂದ ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಗೆ ಒಂದೇ ಕಾರಿನಲ್ಲಿ ಹೋಗುವುದು ನಮ್ಮ ಕಟ್ಟಡದವರ ರೂಢಿ. ಆ ದಿನ ಕಾರು ಓಡಿಸುತ್ತಿದ್ದವರು ಪಕ್ಕದ ಫ್ಲ್ಯಾಟಿನ ಅಂಕಲ್. ಉಡುಪಿ ಕಡೆಯ ಕೊಂಕಣಿ ಮನೆಮಾತಿನವರು. ಒಮಾನಿನಲ್ಲೇ ತಲೆ ನರೆತವರು. ಅವರ ಪತ್ನಿ ಊರಿನ ಪ್ರೌಢಶಾಲೆಯಲ್ಲಿ ಕೊನೆಯವರೆಗೂ ಪಾಠ ಹೇಳಿ, ನಿವೃತ್ತಿಯ ಬಳಿಕ ಇಲ್ಲಿಗೆ ಬಂದಿದ್ದರು. ಆಂಟಿ ಅವರ ಪಕ್ಕದಲ್ಲಿ, ನಾನು ಹಿಂದಿನ ಸೀಟಿನಲ್ಲಿದ್ದೆ.

ದೊಡ್ಡ ವರಮಾನದವರಿಗೆ ಒಮಾನಿನಲ್ಲೂ ಆದಾಯ ತೆರಿಗೆ ಬರಲಿದೆಯೆಂಬ ಮಾತು ಎದ್ದಿತು.

"ಗೆರೆ ದಾಟಿದ್ರೆ ಖಲಾಸ್," ಎಂದರು ಅಂಕಲ್. "ಇಡೀ ಸಂಬಳಕ್ಕೇ ಬೀಳ್ತದೆ. ನಮ್ಮ ಊರಲ್ಲಿ ಸ್ಲ್ಯಾಬ್ ಹಾಗೇ ಅಲ್ವಾ ಮಾರಾಯ್ರೆ."

ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದವನು ನಾನು. ತಪ್ಪು ತಿಳಿವಳಿಕೆಯನ್ನು ಕಂಡಲ್ಲೇ ತಿದ್ದಬೇಕು, ಕಾನೂನನ್ನು ಅರಿತ ಪ್ರಜೆ ಮಾತ್ರ ಅದನ್ನು ಸರಿಯಾಗಿ ಪ್ರಶ್ನಿಸಬಲ್ಲ ಎಂದು ಇಂದಿಗೂ ನಂಬಿದವನು. ಹಾಗಾಗಿ ಮುಂದಕ್ಕೆ ಬಾಗಿ ವಿವರಿಸಿದೆ. ನಮ್ಮ ಕಟ್ಟಡದಲ್ಲಿ ಮೇಲಿನ ಮಹಡಿಗೆ ಬಾಡಿಗೆ ಹೆಚ್ಚಿದ್ದರೆ ಕೆಳಗಿನವರು ಅದನ್ನು ಕೊಡಬೇಕೇ? ಸ್ಲ್ಯಾಬ್ ಕೂಡ ಹಾಗೆಯೇ. ಗೆರೆಯ ಮೇಲೆ ಹತ್ತು ಸಾವಿರ ಬಂದರೆ ಆ ಹತ್ತು ಸಾವಿರಕ್ಕೆ ಮಾತ್ರ ಮೇಲಿನ ದರ. ಗೆರೆಯ ಕೆಳಗಿನದಕ್ಕೆ ಹಳೆಯ ದರವೇ. ಸಂಬಳ ಏರಿತೆಂಬ ಒಂದೇ ಕಾರಣಕ್ಕೆ ಕೈಗೆ ಬರುವುದು ಇಳಿಯುವುದಿಲ್ಲ.

ಗೆದ್ದೆನೆಂಬ ಸಂತೋಷದಲ್ಲಿ ಹಿಂದಕ್ಕೆ ಒರಗಿದೆ. ಆಂಟಿ ತಿರುಗಿ ನನ್ನನ್ನು ನೋಡಿದರು.

"ಅಂದ್ರೆ ಪ್ರಮೋಷನ್ ತಗೊಂಡು ಹೆಡ್‌ಮಿಸ್ ಆಗಿದ್ರೆ ನನ್ನ ಸಂಬಳ ಕಡಿಮೆ ಆಗ್ತಿರ್ಲಿಲ್ಲ?"

"ಇಲ್ಲ ಆಂಟಿ. ಸ್ವಲ್ಪವಾದ್ರೂ ಹೆಚ್ಚೇ ಬರ್ತಿತ್ತು."

ಅವರು ಗಂಡನ ಕಡೆ ತಿರುಗಿದರು. "ನೀವು ಫೋನಲ್ಲಿ ಹೇಳಿದ್ದು ಹಾಗಲ್ಲ. ಸ್ಲ್ಯಾಬ್ ದಾಟ್ತದೆ, ದುಡಿದದ್ದೆಲ್ಲ ಸರ್ಕಾರಕ್ಕೆ, ಬೇಡ ಅಂತ ಬರೆದುಕೊಡು ಅಂದ್ರಿ. ನಾನು ಬರೆದುಕೊಟ್ಟೆ."

"ಆಗ ಇಲ್ಲಿ ಎಲ್ಲರೂ ಹಾಗೇ ಹೇಳ್ತಿದ್ದದ್ದು."

"ಎಲ್ಲರೂ ಅಂದ್ರೆ ಯಾರು? ಈ ಕಾರಲ್ಲಿ ಮಾರ್ಕೆಟಿಗೆ ಬರ್ತಿದ್ದವರಾ? ಅವರಲ್ಲಿ ಒಬ್ಬರಾದ್ರೂ ಸಂಬಳಕ್ಕೆ ಟ್ಯಾಕ್ಸ್ ಕಟ್ಟಿದವರು ಇದ್ರಾ?"

ಅಂಕಲ್ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಅದರಲ್ಲಿ ಎಷ್ಟು ಹೆಚ್ಚು ಸಿಗ್ತಿತ್ತು ಮಾರಾಯ್ತಿ, ಬಿಡು," ಎಂದರು.

"ಸಂಬಳದ್ದು ಯಾರು ಕೇಳಿದ್ರು? ಶಾಲೆಯ ಲೈಬ್ರರಿಗೆ ಯಾವಾಗಲೂ ಬೀಗ. ಪುಸ್ತಕ ಹರಿದ್ರೆ ಆಡಿಟಿನವರು ಕೇಳ್ತಾರೆ ಅಂತ. ಆ ಕುರ್ಚಿ ಸಿಕ್ಕಿದ್ರೆ ಮೊದಲು ಆ ಬೀಗ ತೆಗೆಸ್ಬೇಕು ಅಂತ ಇತ್ತು. ನಂತರ ಬಂದವರ ಹತ್ರ ಪ್ರತಿ ವರ್ಷ ಕೇಳಿದೆ. ನೋಡುವ ಅಂದ್ರು. ನಾನು ರಿಟೈರ್ ಆದ ದಿನವೂ ಬೀಗ ಹಾಗೇ ಇತ್ತು."

ಇಷ್ಟು ದಿನ ಪಕ್ಕದ ಮನೆಯಲ್ಲಿದ್ದೂ ಅವರನ್ನು ನಾನು ಒಳ್ಳೆಯ ಅಡುಗೆ ಮಾಡುವವರೆಂದಷ್ಟೇ ತಿಳಿದಿದ್ದೆ. ಶಾಲೆಯೊಂದನ್ನು ಬದಲಿಸಬಲ್ಲ ಒಬ್ಬರನ್ನು ಯಾವ ಕಾನೂನೂ ತಡೆದಿರಲಿಲ್ಲ. ಕಾನೂನಿನ ಬಗ್ಗೆ ನಾಲ್ಕು ಮಂದಿ ಆಡಿದ ಮಾತು ತಡೆದಿತ್ತು. ಅದನ್ನು ಹೇಳಬೇಕೆನಿಸಿತು. ಆದರೆ ಕೇಳಿಸಿಕೊಂಡು ಅವರು ಮಾಡುವುದಾದರೂ ಏನಿತ್ತು?

ಮಾರುಕಟ್ಟೆ ಬಂತು. ಅಂಕಲ್ ವಾಡಿಕೆಯಂತೆ ಚೀಲಕ್ಕಾಗಿ ಕೈ ಚಾಚಿದರು. ಆಂಟಿ ಕೊಡಲಿಲ್ಲ. ತಾವೇ ಹಿಡಿದುಕೊಂಡು ಇಳಿದು, ಟೊಮೆಟೊ ರಾಶಿಗಳ ನಡುವೆ ನಮಗಿಂತ ಮುಂದೆ ನಡೆದುಹೋದರು.