ಬೋಗುಣಿ ತಟ್ಟದ ದಿನ

ನಮ್ಮ ಬೇಕರಿಯ ಕ್ರೀಮ್ ಸುರುಳಿ ತಿಂದವರೆಲ್ಲ ಯಜಮಾನರ ಕೈಗುಣವನ್ನು ಹೊಗಳುತ್ತಾರೆ. ಎಲ್ಲಿಯ ಕೈಗುಣ! ಆ ಮನುಷ್ಯ ಓವನ್ ಕಡೆ ತಲೆ ಹಾಕಿಯೂ ಮಲಗಿದವರಲ್ಲ. ಇಪ್ಪತ್ತೆರಡು ವರ್ಷ ಆ ಸುರುಳಿಗಳನ್ನು ಸುತ್ತಿದ್ದು ಒಬ್ಬಳೇ ಒಬ್ಬಳು. ಎಲ್ಲರ ಬಾಯಲ್ಲೂ ಅವಳು ಸುರುಳಿಯಕ್ಕ.

ಕೆಲಸ ನೋಡಲು ಸುಲಭ. ಬೆಣ್ಣೆ, ಸಕ್ಕರೆ ಪಾಕ, ಸ್ವಲ್ಪ ಹಿಟ್ಟು ಕಲಸಿ ಟ್ರೇ ಮೇಲೆ ಚಮಚ ಚಮಚವಾಗಿ ಬಿಟ್ಟು ಓವನ್‌ಗೆ ತಳ್ಳಿದರೆ, ಅದು ಹರಡಿ, ನೊರೆಯೆದ್ದು, ಜಾಲರಿಯಂಥ ತೆಳು ಬಿಲ್ಲೆಯಾಗುತ್ತದೆ. ಹೊರಗೆ ತೆಗೆದ ಕೂಡಲೇ ಮುಟ್ಟಿದಿರೋ, ಕುದಿಯುವ ಪಾಕ ಕೈಗೆ ಮೆತ್ತಿಕೊಳ್ಳುತ್ತದೆ. ತಡಮಾಡಿದಿರೋ, ಸುತ್ತುವಾಗ ಚೂರುಚೂರು. ನಡುವೆ ಸಿಗುವುದು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಒಂದೊಂದು ಟ್ರೇಗೆ ಒಂದೊಂದು ಹದ, ಗಡಿಯಾರ ನೋಡಿ ಪ್ರಯೋಜನವಿಲ್ಲ. ಅಕ್ಕ ಬಿಲ್ಲೆಯ ಅಂಚನ್ನು ಬೆರಳ ತುದಿಯಿಂದ ಮುಟ್ಟುತ್ತಿದ್ದಳು. ಚುರ್ ಅನ್ನಬೇಕು, ಸುಡಬಾರದು. ಆಗ ತೆಳು ಚೂರಿಯಿಂದ ಎಬ್ಬಿಸಿ, ಮರದ ಕೋಲಿಗೆ ಸುತ್ತಿ, ಜಾರಿಸಿಬಿಡುತ್ತಿದ್ದಳು. ಪಕ್ಕದಲ್ಲಿ ಕೂತು, ಐಸಿನ ಮೇಲೆ ಸ್ಟೀಲಿನ ಬೋಗುಣಿಯಿಟ್ಟು ಕ್ರೀಮು ಕಡೆದು, ಆರಿದ ಸುರುಳಿಗೆ ತುಂಬುವುದು ನನ್ನ ಪಾಲಿನ ಕೆಲಸ.

ಗಂಡ ಬಿಟ್ಟುಹೋದ ಮೇಲೆ ಅವಳು ತಮ್ಮನ ಮನೆ ಸೇರಿದ್ದಳು. ತಮ್ಮನ ಹೆಂಡತಿ ಕೆಟ್ಟವಳಲ್ಲ. ಆದರೆ ಅಕ್ಕನಿಗೆ ಒಂದೇ ಹಟ.

"ಈ ಮಣೆ ಮೇಲೆ ಕೂತು ದುಡೀತಿರೋವರೆಗೂ ನಾನು ಆ ಮನೇಲಿ ಮನುಷ್ಯಳು ಕಣೇ" ಅನ್ನುತ್ತಿದ್ದಳು. "ಇದು ಹೋಯ್ತೋ, ಮೂಲೇಲಿ ಕೂತು ಬಿಟ್ಟಿ ಕೂಳು ತಿನ್ನೋಳು. ಅದಕ್ಕಿಂತ ಸಾಯೋದು ವಾಸಿ."

ಹೀಗಿರುವಾಗ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಯಾರಿಗೂ ಹೇಳಲಿಲ್ಲ. ನನಗೆ ತಿಳಿದದ್ದು, ಅವಳ ಬೆರಳಿಗೆ ಚೂರಿ ತಾಗಿ ರಕ್ತ ಸುರಿಯುತ್ತಿದ್ದರೂ ಅವಳು ಹರಟೆ ಹೊಡೆಯುತ್ತಲೇ ಇದ್ದಾಗ. ನಾನು ಕಿರುಚಿದೆ. ಅವಳು ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದಳು.

"ಬೆರಳು ಜೋಮು ಹಿಡಿದು ಆರು ತಿಂಗಳಾಯ್ತು" ಅಂದಳು. "ಕಣ್ಣೂ ಮಂಜು. ಜೀವಮಾನವೆಲ್ಲಾ ಸಕ್ಕರೇಲಿ ಕೈಯಾಡಿಸಿದೀನಿ, ಅದು ಸುಮ್ನೆ ಬಿಡುತ್ತಾ?" ನಕ್ಕಳು. ಆಮೇಲೆ ನನ್ನ ಮೊಣಕೈ ಹಿಡಿದು, "ಯಜಮಾನ್ರಿಗೆ ಗೊತ್ತಾದ್ರೆ ಮಾರನೇ ದಿನಾನೇ ಮನೆಗೆ ಕಳಿಸ್ತಾರೆ. ಬಾಯಿ ಬಿಡ್ಬೇಡ್ವೇ" ಅಂದಳು.

ನಾನು ಬಾಯಿ ಬಿಡಲಿಲ್ಲ. ನಾವೇ ಒಂದು ದಾರಿ ಮಾಡಿಕೊಂಡೆವು. ಹದಕ್ಕೆ ಬಂದ ಬಿಲ್ಲೆಯ ಅಂಚಿನ ಹೊಳಪು ತುಸು ಮಂಕಾಗುತ್ತದೆ. ಅದನ್ನು ನೋಡಿ ನಾನು ಬೋಗುಣಿಯ ಅಂಚಿಗೆ ಚಮಚ ತಟ್ಟಬೇಕು, ಅವಳು ಸುತ್ತಬೇಕು. ಕ್ರೀಮು ಕಡೆಯುವವಳು ಚಮಚ ತಟ್ಟಿದರೆ ಯಾರಿಗೆ ಅನುಮಾನ? ಹನ್ನೊಂದು ತಿಂಗಳು ನಾನು ತಟ್ಟಿದೆ, ಅವಳು ಸುತ್ತಿದಳು.

ಒಂದು ಮಧ್ಯಾಹ್ನ ಗಿರಾಕಿಯೊಬ್ಬರು ಪೆಟ್ಟಿಗೆ ವಾಪಸು ತಂದರು. ಸುರುಳಿಗಳೆಲ್ಲ ಬಿರುಕುಬಿಟ್ಟು, ಕ್ರೀಮು ಇಳಿದು ಮೆತ್ತಗಾಗಿದ್ದವು. ಬೆಳಗ್ಗೆ ನಾನು ತಟ್ಟಿದ್ದನ್ನು ಗಮನಿಸದೆ ಅಕ್ಕ ತಡವಾಗಿ ಸುತ್ತಿ ಹಾಳುಮಾಡಿದ್ದ ಟ್ರೇ ಅದು. ಯಜಮಾನರು ಎಲ್ಲರೆದುರು ಪೆಟ್ಟಿಗೆ ಎತ್ತಿ ತೋರಿಸಿ, "ಏನಮ್ಮಾ ಇದು?" ಎಂದು ಗದರಿದರು.

ಅಕ್ಕನ ಮುಖ ಬಿಳಿಚಿಕೊಂಡಿತು. ನನ್ನತ್ತ ನೋಡದೆ, "ನಂದೇನಿಲ್ಲ ಯಜಮಾನ್ರೇ. ಇವಳು ಕ್ರೀಮು ನೀರುನೀರಾಗಿ ಕಡೀತಾಳೆ. ಎಷ್ಟು ಹೇಳಿದ್ರೂ ಅಷ್ಟೆ" ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಬಿಟ್ಟಿದ್ದರೆ ಅಲ್ಲೇ ಅವಳ ಕಥೆ ಮುಗಿಯುತ್ತಿತ್ತು. ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡೆ. ಹೊರಡುವಾಗ ಅವಳು "ಏನೇ..." ಎಂದು ಹತ್ತಿರ ಬಂದಳು. ನಾನು ಮುಖ ತಿರುಗಿಸಿ ನಡೆದುಬಿಟ್ಟೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಹುಟ್ಟುಗುಣ.

ಮರುದಿನವೂ ಮುಖ ಊದಿಸಿಕೊಂಡೇ ಕೂತೆ. ಮೊದಲ ಟ್ರೇ ಬಂತು. ನಾನು ತಟ್ಟಲಿಲ್ಲ. ಅಕ್ಕ ಕಾದಳು, ಒಮ್ಮೆ ಕೆಮ್ಮಿದಳು. ನಾನು ಕ್ರೀಮು ಕಡೆಯುತ್ತಲೇ ಇದ್ದೆ. ಬಿಲ್ಲೆಗಳು ಗಟ್ಟಿಯಾಗಿ ಒಂದೂ ಉಳಿಯದೆ ಮುರಿದವು. ಅವಳು ಚೂರುಗಳನ್ನು ಸೆರಗಿನಡಿ ಮುಚ್ಚಿ ಕಸದ ತೊಟ್ಟಿಗೆ ಹಾಕಿ ಬಂದಳು. ಒಂದು ಮಾತು ಕೇಳಿದ್ದರೆ ತಟ್ಟುತ್ತಿದ್ದೆ. ಅವಳಿಗೆ ಬಿಗುಮಾನ, ನನಗೆ ಅದರಪ್ಪನಂಥ ಬಿಗುಮಾನ.

ಎರಡನೆಯ ಟ್ರೇ ಬರುವ ಹೊತ್ತಿಗೆ ಯಜಮಾನರು ಬಾಗಿಲಲ್ಲಿ ಬಂದು ನಿಂತರು. ಅಪರೂಪಕ್ಕೆ ಒಳಗೆ ಬಂದಿದ್ದರು, ನಿನ್ನೆಯ ಪೆಟ್ಟಿಗೆಯ ದೆಸೆಯಿಂದ. ಅವರೆದುರು ಇನ್ನೊಂದು ಮುರಿಯಬಾರದೆಂದು ಅಕ್ಕ ತಕ್ಷಣ ಕೈ ಹಾಕಿದಳು. ಬಿಲ್ಲೆಗಳ ಮೇಲೆ ಇನ್ನೂ ಗುಳ್ಳೆ ಆಡುತ್ತಿತ್ತು. ನಾನು ಕಣ್ಣಾರೆ ನೋಡಿದೆ. ಸುಟ್ಟರೆ ಕೈ ಎಳೆದುಕೊಳ್ಳುತ್ತಾಳೆ ಬಿಡು, ಅಂದುಕೊಂಡೆ. ಆ ಬೆರಳುಗಳಿಗೆ ಏನೂ ತಿಳಿಯುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಅವಳು ಕೈ ಎಳೆದುಕೊಳ್ಳಲಿಲ್ಲ. ಬೆರಳಿಗೆ ಮೆತ್ತಿದ ಪಾಕದ ಸಮೇತ ಕೋಲಿಗೆ ಒತ್ತಿ ಒತ್ತಿ ಸುತ್ತಿದಳು. ಒಂದಾಯಿತು, ಎರಡಾಯಿತು. ಮೂರನೆಯದನ್ನು ಜಾರಿಸುವಾಗ ಚರ್ಮವೂ ಜಾರಿಬಂತು. "ಅಯ್ಯಯ್ಯೋ, ನಿಲ್ಸಮ್ಮಾ!" ಎಂದು ಯಜಮಾನರೇ ಕೂಗಿದರು. ಅವಳು ಏನಾಯಿತೆಂದು ತಿಳಿಯದೆ ಅವರ ಮುಖ ನೋಡಿ, "ಚೆನ್ನಾಗಿ ಬಂದಿದೆಯಲ್ಲಾ ಯಜಮಾನ್ರೇ" ಅಂದಳು.

ಗಾಯ ಮಾಯಲಿಲ್ಲ. ಆಸ್ಪತ್ರೆಯಲ್ಲಿ ಅವಳ ಬಲಗೈಯ ಮೂರು ಬೆರಳು ತೆಗೆದರು. ಯಜಮಾನರು, "ಇನ್ಮೇಲೆ ನೀನೇ ಸುತ್ತು" ಅಂದರು. ನಾನು ಹೂಂ ಅಂದೆ.

ಒಂದು ಭಾನುವಾರ ಅವಳನ್ನು ನೋಡಲು ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ತಮ್ಮನ ಹೆಂಡತಿ ಅವಳಿಗೆ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಅಕ್ಕ ನನ್ನ ಮುಖ ನೋಡಲಾರದೆ, ಗೋಡೆ ನೋಡುತ್ತ ಬಾಯಿ ತೆರೆಯುತ್ತಿದ್ದಳು. ತಮ್ಮನ ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು:

"ಅವತ್ತು ತಟ್ಟಲಿಲ್ವಲ್ಲೇ. ಬೇಕೂಂತ ಸುಮ್ನಿದ್ಯಾ?"

"ಇಲ್ಲಕ್ಕಾ. ಮರೆತುಹೋಯ್ತು" ಅಂದೆ.

ಅವಳು ಉಸಿರು ಬಿಟ್ಟಳು. "ನನ್ ಬುದ್ಧಿಗಿಷ್ಟು! ನಿನ್ ಮೇಲೆ ಸುಳ್ಳು ಹೇಳಿದ್ದೂ ಅಲ್ದೆ, ಇಷ್ಟು ದಿನ ನಿನ್ನೇ ಅನುಮಾನಿಸ್ತಿದ್ದೆ. ನನ್ನ ಕ್ಷಮಿಸ್ಬಿಡೇ."

ಹೇಳಬೇಕಾದದ್ದು ನಾಲಗೆಯ ತುದಿಗೆ ಬಂದಿತ್ತು. "ಆಯ್ತು ಬಿಡಕ್ಕಾ, ಕ್ಷಮಿಸಿದೀನಿ" ಅಂದೆ.