ಮೊಸರಿಗೆ ಬೆಲ್ಟು

ಮಸ್ಕತ್ತಿನಿಂದ ಬಂದ ನನ್ನಕ್ಕ, ತನ್ನ ಮಗ ಕೂತು ಬಿಟ್ಟ, ಕಾರಿನಲ್ಲಿ ಮಕ್ಕಳನ್ನು ಬೆಲ್ಟು ಹಾಕಿ ಕೂರಿಸುವ ಕುರ್ಚಿಯನ್ನು ನನ್ನ ಮಗನಿಗೆ ಕೊಟ್ಟಿದ್ದಳು. ಅವನಿಗೆ ಆಗ ಒಂದೂವರೆ ವರ್ಷ. ನಮ್ಮ ಚಿಕ್ಕ ಕಾರಿನ ಹಿಂದಿನ ಸೀಟಿಗೆ ಬೆಲ್ಟೇ ಇರಲಿಲ್ಲ. ಮೈಸೂರಿನ ಗ್ಯಾರೇಜಿನಲ್ಲಿ ಹಾಕಿಸಿಕೊಂಡು ಬನ್ನಿ ಎಂದು ಯಜಮಾನರ ಹಿಂದೆ ಬಿದ್ದು ಬಿದ್ದು ಸಾಕಾಗಿ, ಕೊನೆಗೂ ಹಾಕಿಸಿದ್ದೆ.

ಈ ಹಟ ಸುಮ್ಮನೆ ಹುಟ್ಟಿದ್ದಲ್ಲ. ಬೆಳಗೊಳದ ರಸ್ತೆಯಲ್ಲಿ ಕಬ್ಬಿನ ಗಾಡಿ ಅಡ್ಡ ಬಂದು ಬ್ರೇಕ್ ಹಾಕಿದಾಗ, ಮುಂದೆ ಮಾವನವರ ತೊಡೆಯ ಮೇಲಿದ್ದ ಮಗು ಮುಗ್ಗರಿಸಿ ತುಟಿ ಒಡೆದುಕೊಂಡಿತ್ತು. ಕಣ್ಣಿಗೇನೂ ಆಗಲಿಲ್ಲ, ದೇವರ ದಯೆ. ಮನೆಯಲ್ಲಿ ಮೆಣಸಿನಕಾಯಿ ನಿವಾಳಿಸಿ, ದೃಷ್ಟಿಯಾಗಿತ್ತು ಎಂದು ಮುಗಿಸಿಬಿಟ್ಟರು. ದೃಷ್ಟಿ ತೆಗೆದದ್ದಕ್ಕೆ ನನ್ನ ತಕರಾರಿಲ್ಲ, ಉಪ್ಪು ತಂದುಕೊಟ್ಟವಳೇ ನಾನು. ಆದರೆ ಮರುವಾರವೂ ಮಗು ಅದೇ ತೊಡೆಯ ಮೇಲೆ!

ತೊಣ್ಣೂರಿನ ದೇವಸ್ಥಾನದಲ್ಲಿ ಪೂಜೆ ಇಟ್ಟುಕೊಂಡ ದಿನ ನಾದಿನಿಯ ಅತ್ತೆಯೂ ಹೊರಟು ಬಂದರು. ನಮ್ಮತ್ತೆ ಕುರ್ಚಿ ನೋಡಿ ಮುಖ ಗಂಟಿಕ್ಕಿದರು.

“ಕರು ಕಟ್ಟಾಕ್ದಂಗೆ ಮಗೀನ ಕಟ್ಟಾಕ್ತೀಯಲ್ಲವ್ವಾ! ಇದ್ ತಗುದ್ರೆ ಒಬ್ರು ಕೂತ್ಕತಾರೆ. ಬೀಗಿತ್ತೀನ ಬಸ್ಸಲ್ ಕಳ್ಸಾದಾ?”

“ನಾನೇ ಬಸ್ಸಲ್ ಬತ್ತೀನಿ ಬುಡಿ ಅತ್ತೆ. ನನ್ ಜಾಗ್ದಲ್ಲಿ ಕುರ್ಚಿ ಇರ್ಲಿ.”

ಮಗುವನ್ನು ಕೈಯಾರೆ ಕೂರಿಸಿ ಬೆಲ್ಟು ಹಾಕಿ ಕಾರು ಕಳಿಸಿದೆ. ಪಾಂಡವಪುರದಲ್ಲಿ ಬಸ್ಸು ಬದಲಿಸಿ ತೊಣ್ಣೂರಿಗೆ ಹೋಗಿ ಇಳಿದರೆ, ದಾರಿಯಲ್ಲಿ ಹೂವು ಹಣ್ಣಿಗೆಂದು ತಡಮಾಡಿ ಮರದಡಿ ಆಗತಾನೇ ಬಂದು ನಿಂತ ಕಾರಿನಲ್ಲಿ ಮಗು ಮುಂದೆ ತಾತನ ತೊಡೆಯ ಮೇಲೆ. ಹಿಂದೆ ಕುರ್ಚಿಯಲ್ಲಿ ಮೊಸರಿನ ಪಾತ್ರೆ. ಅದರ ಹೊಟ್ಟೆಗೆ ಎರಡೂ ಕಡೆಯಿಂದ ಬೆಲ್ಟು ಎಳೆದು, ಕ್ಲಿಪ್ಪು ಸರಿಯಾಗಿ ಒತ್ತಿದ್ದರು.

“ಮಗ ಅತ್ಬುಟ್ಟ ಕಣವ್ವಾ, ತಾತನ್ ತಾವ ಓಯ್ತೀನಿ ಅಂತ. ಕುರ್ಚಿ ಖಾಲಿ ಇತ್ತಲ್ಲಾ. ನೋಡು, ಒಂದ್ ತೊಟ್ಟೂ ಚೆಲ್ಲಿಲ್ಲ!” ಎಂದರು ಅತ್ತೆ, ಹೆಮ್ಮೆಯಿಂದ.

“ಮೊಸ್ರು ಚೆಲ್ಬಾರ್ದು, ಮಗ ಉಳ್ಳಾಡ್ಬೋದಾ?”

ಬೀಗಿತ್ತಿ ಸೆರಗಿನ ಮರೆಯಲ್ಲಿ ನಕ್ಕರು. ಮಾವನವರಿಗೆ ಸಿಟ್ಟು ಬಂತು.

“ನನ್ ಕೈಗಿಂತ ಗಟ್ಟಿನಾ ಆ ಪಟ್ಟಿ? ಇವ್ನಪ್ಪನ್ನ ಸೈಕಲ್ ಬಾರ್ ಮೇಲ್ ಕೂರಿಸ್ಕಂಡು ನಾಗಮಂಗಲದ್ ಗಂಟ ಓಗಿವ್ನಿ. ಬಿದ್ನಾ?”

ಯಜಮಾನರು ಕಾರಿನ ಗಾಜು ಒರೆಸುತ್ತಿದ್ದರು, ಅದು ಕ್ಲೀನಾಗಿಯೇ ಇತ್ತು. ಗರ್ಭಗುಡಿಯ ಮುಂದೆ ನಿಂತು ನಾನು ಕೇಳಿಕೊಂಡದ್ದು ಇಷ್ಟೇ: ಇವರಿಗೆ ಒಂಚೂರು ಬಾಯಿ ಕೊಡು ತಂದೆ.

ವಾಪಸು ಹೊರಡುವಾಗ ಪಾತ್ರೆ ಖಾಲಿಯಾಗಿತ್ತು. ಮಗುವನ್ನು ಮತ್ತೆ ಕೂರಿಸಿದೆ. “ರೀ, ಬೆಲ್ಟು ಬಿಚ್ಚುದ್ರೆ ಕಾರು ಅಲ್ಲೇ ನಿಲ್ಲಿಸ್ಬೇಕು,” ಎಂದು ಹೇಳಿ ಬಸ್ಸು ಹತ್ತಿದೆ.

ಶ್ರೀರಂಗಪಟ್ಟಣದ ಮನೆಗೆ ಬಂದಾಗ ಮಗು ಮಲಗಿತ್ತು, ಕೆನ್ನೆಯ ಮೇಲೆ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ನನಗೆ ಅಷ್ಟೇ ಸಾಕಾಗಿ, ಅದನ್ನೇ ಸವರಿದೆ.

“ಬೆಲ್ಟು ಬಿಚ್ಚೋ ಅಂತ ಅಪ್ಪ ಗದ್ರಿದ್ರು. ಕಾರ್ ನಿಲ್ಲಿಸ್ಬುಟ್ಟೆ,” ಎಂದರು ಯಜಮಾನರು, ಪಿಸುದನಿಯಲ್ಲಿ. “ಈಗ ನಂಜೊತೆ ಮಾತಾಡ್ತಿಲ್ಲ. ಒಂದ್ಸಲ ನಿನ್ ಮಾತ್ ನಡುದ್ತಲ್ಲಾ, ಇನ್ಮೇಲೆ ನನಗೆ ಏಳ್ಬೇಡ ಕಣೇ.”

ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಭಾನುವಾರ ಎಲ್ಲರೂ ಅದೇ ಕಾರಿನಲ್ಲಿ ಕೆ.ಆರ್.ಪೇಟೆಗೆ ಮದುವೆಗೆ ಹೋಗುವುದಿತ್ತು.